ಪರರ ಹಾಡು, ಪರದೇಶದ ಬಾರು: ಬೀಟಲ್ಸ್ ಹುಡುಗರ ಹ್ಯಾಂಬರ್ಗ್ ರಾತ್ರಿಗಳು

 

ಗಣಪತಿ ಕೂರಿಸಿದ ಬೀದಿಯಲ್ಲಿ ಆರ್ಕೆಸ್ಟ್ರಾ ನೋಡಿದವರಿಗೆ ಇವತ್ತಿನ ವಿಷಯ ಅರ್ಧ ಗೊತ್ತಿದ್ದಂತೆಯೇ. ಒಂದು ಕೀಬೋರ್ಡು, ಒಂದು ರಿದಂ ಪ್ಯಾಡು, ಇಬ್ಬರು ಮೂವರು ಗಾಯಕರು. ರಾಜ್‌ಕುಮಾರ್ ದನಿಯಲ್ಲಿ ಒಂದು ಹಾಡು, ಎಸ್‌ಪಿಬಿ ದನಿಯಲ್ಲಿ ಇನ್ನೊಂದು. ಕೆಳಗಿನಿಂದ ಚೀಟಿ ಬರುತ್ತಲೇ ಇರುತ್ತದೆ, "ಈ ಹಾಡು ಹೇಳಿ" ಅಂತ. ಗಾಯಕ ಎಷ್ಟೇ ಒಳ್ಳೆಯವನಿರಲಿ, ತನ್ನದೇ ಸ್ವಂತ ಹಾಡು ಹಾಡ್ತೀನಿ ಅಂದ್ರೆ ಜನ ಕಡಲೆಪುರಿ ತಗೊಳ್ಳೋಕೆ ಎದ್ದು ಹೋಗ್ತಾರೆ. ಬೆಂಗಳೂರಿನ ಪಬ್‌ನಲ್ಲಿ ಶುಕ್ರವಾರ ರಾತ್ರಿ ಗಿಟಾರ್ ಹಿಡಿದು ನಿಲ್ಲುವ ಹುಡುಗರ ಕಥೆಯೂ ಇದೇ. ಹಗಲು ಎಲ್ಲೋ ಕೆಲಸ, ರಾತ್ರಿ ಬೇರೆಯವರ ಹಾಡು. ಇದಕ್ಕೆ ಅಲ್ಲಿ 'ಕವರ್ ಬ್ಯಾಂಡ್' ಅಂತಾರೆ.

ಹಾಗಾದ್ರೆ ಒಂದು ಪ್ರಶ್ನೆ. ಬೇರೆಯವರ ಹಾಡು ಹಾಡಿ ರಾತ್ರಿ ಕಳೆಯುವವನು ಕಲಾವಿದನಾ, ಕೂಲಿಯವನಾ? ಆ ವೇದಿಕೆ ಏನಾದ್ರೂ ಕಲಿಸುತ್ತಾ, ಅಥವಾ ಇರೋ ಪ್ರತಿಭೆಯನ್ನೂ ಸವೆಸಿ ಕಳಿಸುತ್ತಾ?

ಈ ಪ್ರಶ್ನೆಗೆ ಇತಿಹಾಸದಲ್ಲಿ ಬಹಳ ಚೆನ್ನಾಗಿ ದಾಖಲಾಗಿರುವ ಒಂದು ಉದಾಹರಣೆ ಇದೆ. 1960ರ ಆಗಸ್ಟ್‌ನಿಂದ 1962ರ ಕೊನೆಯ ರಾತ್ರಿಯವರೆಗೆ, ಜರ್ಮನಿಯ ಹ್ಯಾಂಬರ್ಗ್ ನಗರದ ಬಾರುಗಳಲ್ಲಿ ಪರರ ಹಾಡು ಹಾಡುತ್ತಿದ್ದ ಐವರು ಹುಡುಗರ ಕಥೆ. ಆ ಗುಂಪಿನ ಹೆಸರು ಬೀಟಲ್ಸ್. ಆಗ ಅವರು ಯಾರಿಗೂ ಬೇಕಾದವರಲ್ಲ.

ಸೇನೆಗೆ ಹೋಗದೆ ಉಳಿದ ತಲೆಮಾರು

ಮೊದಲು ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಹೋಗೋಣ. 1956ರಲ್ಲಿ ಲಾನಿ ಡೊನೆಗನ್ ಎಂಬ ಗಾಯಕನ ಒಂದು ಹಾಡು ಬ್ರಿಟನ್ನಿನಲ್ಲಿ ಭಾರಿ ಜನಪ್ರಿಯವಾಯಿತು. ಆ ಶೈಲಿಯ ಹೆಸರು ಸ್ಕಿಫಲ್. ಅದರ ವಿಶೇಷ ಏನಪ್ಪಾ ಅಂದ್ರೆ, ಅದಕ್ಕೆ ದುಡ್ಡು ಬೇಕಿರಲಿಲ್ಲ. ಒಂದು ಅಗ್ಗದ ಗಿಟಾರು, ಬಟ್ಟೆ ಒಗೆಯುವ ತಗಡಿನ ಹಲಗೆ, ಚಹಾ ಪೆಟ್ಟಿಗೆಗೆ ಕೋಲು ಸಿಕ್ಕಿಸಿ ದಾರ ಕಟ್ಟಿದ ಬಾಸ್. ಇಷ್ಟಿದ್ದರೆ ಬ್ಯಾಂಡ್ ರೆಡಿ. ದೇಶದ ತುಂಬ ಸಾವಿರಾರು ಹುಡುಗರು ಗುಂಪು ಕಟ್ಟಿದರು. ಜಾನ್ ಲೆನನ್ ಎಂಬ ಶಾಲಾ ಹುಡುಗ ಕಟ್ಟಿದ್ದು 'ಕ್ವಾರಿಮೆನ್' ಅಂತ. 1957ರ ಜುಲೈ 6ರಂದು ವೂಲ್ಟನ್ ಎಂಬ ಬಡಾವಣೆಯ ಚರ್ಚ್ ಜಾತ್ರೆಯಲ್ಲಿ ಅವನಿಗೆ ಪಾಲ್ ಮೆಕಾರ್ಟ್ನಿ ಸಿಕ್ಕ. ಆಮೇಲೆ ಪಾಲ್ ತನ್ನ ಶಾಲೆಯ ಕಿರಿಯ ಹುಡುಗ ಜಾರ್ಜ್ ಹ್ಯಾರಿಸನ್‌ನನ್ನು ಕರೆತಂದ.

ಇಲ್ಲಿ ಸಾಮಾನ್ಯವಾಗಿ ಯಾರೂ ಹೇಳದ ಒಂದು ಕಾರಣ ಇದೆ. ಬ್ರಿಟನ್ನಿನಲ್ಲಿ ಆಗ ಕಡ್ಡಾಯ ಸೈನಿಕ ಸೇವೆ ಇತ್ತು. ಹದಿನೆಂಟು ದಾಟಿದ ಹುಡುಗರು ಎರಡು ವರ್ಷ ಸೇನೆಗೆ ಹೋಗಲೇಬೇಕು. ಸರ್ಕಾರ ಅದನ್ನು ನಿಲ್ಲಿಸಲು ತೀರ್ಮಾನಿಸಿತು. 1939ರ ಅಕ್ಟೋಬರ್ 1 ಅಥವಾ ಅದರ ನಂತರ ಹುಟ್ಟಿದವರಿಗೆ ಕರೆ ಬರಲಿಲ್ಲ. ಲೆನನ್ ಹುಟ್ಟಿದ್ದು 1940ರ ಅಕ್ಟೋಬರ್‌ನಲ್ಲಿ. ಒಂದೂಕಾಲು ವರ್ಷ ಮೊದಲು ಹುಟ್ಟಿದ್ದರೆ ಗಿಟಾರಿನ ಬದಲು ಬಂದೂಕು ಕೈಗೆ ಬರುತ್ತಿತ್ತು, ಕ್ವಾರಿಮೆನ್ ಅಲ್ಲಿಗೇ ಚದುರಿ ಹೋಗುತ್ತಿತ್ತು. ಹದಿನೆಂಟರಿಂದ ಇಪ್ಪತ್ತರವರೆಗಿನ ಆ ಎರಡು ವರ್ಷ ಒಂದು ಇಡೀ ತಲೆಮಾರಿಗೆ ಬಿಟ್ಟಿ ಸಿಕ್ಕಿತು. ಆ ಬಿಡುವಿನಲ್ಲೇ ಬ್ರಿಟನ್ನಿನ ಪಾಪ್ ಸಂಗೀತ ಹುಟ್ಟಿದ್ದು.

ಎರಡು ಬಂದರು, ಒಂದು ವ್ಯಾನು

1960ರ ಹೊತ್ತಿಗೆ ಇವರ ಸ್ಥಿತಿ ಹೇಳಿಕೊಳ್ಳುವಂಥದ್ದಲ್ಲ. ಖಾಯಂ ಡ್ರಮ್ಮರ್ ಇಲ್ಲ. ಬಾಸ್ ಗಿಟಾರ್ ಹಿಡಿದಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ನಿಜಕ್ಕೂ ಚಿತ್ರಕಾರ. ಒಂದು ಪ್ರದರ್ಶನದಲ್ಲಿ ಅವನ ಚಿತ್ರ 65 ಪೌಂಡಿಗೆ ಮಾರಾಟವಾಯಿತು, ಗೆಳೆಯರು ಆ ದುಡ್ಡಿನಲ್ಲಿ ಬಾಸ್ ಕೊಡಿಸಿದರು. ನುಡಿಸೋದು ಆಮೇಲೆ ಕಲಿತರಾಯ್ತು ಅಂತ!

ಆ ಕಾಲದಲ್ಲಿ ಅಲನ್ ವಿಲಿಯಮ್ಸ್ ಎಂಬ ಕಾಫಿ ಬಾರಿನ ಮಾಲೀಕ ಲಿವರ್‌ಪೂಲ್‌ನ ಬ್ಯಾಂಡುಗಳಿಗೆ ಕೆಲಸ ಹುಡುಕಿಕೊಡುತ್ತಿದ್ದ. ಅವನಲ್ಲಿ ನುಡಿಸುತ್ತಿದ್ದ ಕೆರಿಬಿಯನ್ ಮೂಲದ ಸ್ಟೀಲ್ ಬ್ಯಾಂಡೊಂದು ಹ್ಯಾಂಬರ್ಗ್‌ಗೆ ಹೋಗಿತ್ತು. ಅಲ್ಲಿ ಸಂಗೀತಗಾರರಿಗೆ ಬೇಡಿಕೆ ಇದೆ ಅನ್ನೋ ಸುದ್ದಿ ಬಂತು. ಹ್ಯಾಂಬರ್ಗ್‌ನ ಕ್ಲಬ್ ಮಾಲೀಕ ಬ್ರೂನೋ ಕೋಶ್ಮಿಡರ್ ಮೊದಲು ಡೆರಿ ಅಂಡ್ ದ ಸೀನಿಯರ್ಸ್ ಎಂಬ ಲಿವರ್‌ಪೂಲ್ ಗುಂಪನ್ನು ಕರೆಸಿಕೊಂಡ. ಜನ ಬಂದರು, ಬಿಯರ್ ಖರ್ಚಾಯಿತು. ಇನ್ನೊಂದು ಬ್ಯಾಂಡ್ ಬೇಕು ಅಂದ. ಬೇರೆ ಗುಂಪುಗಳು ಸಿಗಲಿಲ್ಲ. ಸಿಕ್ಕಿದ್ದು ಬೀಟಲ್ಸ್. ಈಗಾಗಲೇ ಅಲ್ಲಿದ್ದ ಸೀನಿಯರ್ಸ್ ಗುಂಪಿನವರು "ಇವರನ್ನು ಕಳಿಸಿದರೆ ನಮ್ಮ ಮಾನವೂ ಹೋಗುತ್ತೆ" ಎಂಬ ಅರ್ಥದಲ್ಲಿ ವಿಲಿಯಮ್ಸ್‌ಗೆ ತಕರಾರು ಬರೆದರಂತೆ.

ಹೊರಡಲು ಕೆಲವೇ ದಿನ ಇರುವಾಗ ಪೀಟ್ ಬೆಸ್ಟ್ ಎಂಬ ಡ್ರಮ್ಮರ್ ಸಿಕ್ಕ. ಅವನ ತಾಯಿ ಮನೆಯ ನೆಲಮಾಳಿಗೆಯಲ್ಲಿ ಹುಡುಗರಿಗಾಗಿ ಕಾಫಿ ಕ್ಲಬ್ ನಡೆಸುತ್ತಿದ್ದರು. ಆಗಸ್ಟ್ 16ರಂದು ವಿಲಿಯಮ್ಸ್‌ನ ವ್ಯಾನಿನಲ್ಲಿ ಎಲ್ಲರೂ ಹೊರಟರು. ಸರಿಯಾದ ಕೆಲಸದ ಪರವಾನಗಿ ಯಾರ ಹತ್ತಿರವೂ ಇರಲಿಲ್ಲ. ದಾರಿಯಲ್ಲಿ ಹಾಲೆಂಡಿನ ಆರ್ನೆಮ್ ಬಳಿ ಯುದ್ಧದಲ್ಲಿ ಸತ್ತ ಸೈನಿಕರ ಸ್ಮಾರಕದ ಮುಂದೆ ಕೂತು ಫೋಟೋ ತೆಗೆಸಿಕೊಂಡರು.

ಆ ಫೋಟೋ ಸುಮ್ಮನೆ ಅಲ್ಲ. ಯುದ್ಧ ಮುಗಿದು ಆಗಿನ್ನೂ 15 ವರ್ಷ. ಲಿವರ್‌ಪೂಲ್ ಮೇಲೆ ಜರ್ಮನ್ ವಿಮಾನಗಳು ಬಾಂಬ್ ಹಾಕುತ್ತಿದ್ದ ಕಾಲದಲ್ಲೇ ಲೆನನ್ ಹುಟ್ಟಿದ್ದು. ಹ್ಯಾಂಬರ್ಗ್ ಮೇಲೆ 1943ರ ಜುಲೈನಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಸುರಿದ ಬೆಂಕಿಯಲ್ಲಿ ಹತ್ತಾರು ಸಾವಿರ ಜನ ಸತ್ತರು. ಆಗ ಜಾರ್ಜ್ ಹ್ಯಾರಿಸನ್ ಐದು ತಿಂಗಳ ಕೂಸು. ಅಂದ್ರೆ ಒಬ್ಬರನ್ನೊಬ್ಬರು ಸುಟ್ಟುಕೊಂಡ ಎರಡು ಬಂದರು ಊರುಗಳ ಮಕ್ಕಳು ಈಗ ಒಂದೇ ಬಾರಿನಲ್ಲಿ ಎದುರುಬದುರು. ಒಂದು ಕಡೆಯವರು ಹಾಡೋದು, ಇನ್ನೊಂದು ಕಡೆಯವರು ಕುಡಿಯೋದು. ಹಾಡು ಮಾತ್ರ ಇಬ್ಬರದೂ ಅಲ್ಲ, ಅಮೆರಿಕದ್ದು.

'ಇಂದ್ರ'ನ ಮನೆಯಲ್ಲಿ ಕೂಲಿ ಲೆಕ್ಕ

ಹ್ಯಾಂಬರ್ಗ್‌ನ ಸೇಂಟ್ ಪೌಲಿ ಬಡಾವಣೆ ನಾವಿಕರ, ಕುಡಿತದ, ವೇಶ್ಯಾವಾಟಿಕೆಯ ಕೇಂದ್ರ. ಅಲ್ಲಿನ ರೀಪರ್‌ಬಾನ್ ರಸ್ತೆಗೆ ಅಂಟಿಕೊಂಡಂತೆ 'ಗ್ರೋಸೆ ಫ್ರೈಹೈಟ್' ಎಂಬ ಬೀದಿ. ಹಾಗಂದ್ರೆ 'ದೊಡ್ಡ ಸ್ವಾತಂತ್ರ್ಯ'. ಇದು ಕುಡುಕರು ಇಟ್ಟ ಹೆಸರಲ್ಲ. 17ನೇ ಶತಮಾನದಲ್ಲಿ ಧರ್ಮ ಮತ್ತು ಕಸುಬಿನ ಸ್ವಾತಂತ್ರ್ಯ ಕೊಟ್ಟಿದ್ದ ಜಾಗ ಅದು. ಆ ಬೀದಿಯಲ್ಲಿ ಕೋಶ್ಮಿಡರ್‌ನ ಒಂದು ಸಣ್ಣ ಕ್ಲಬ್ಬು. ಹೆಸರು ಕೇಳಿದರೆ ನಿಮಗೆ ನಗು ಬರಬಹುದು: 'ಇಂದ್ರ'! ಗುರುತಿಗೆ ಬೀದಿಯ ಮೇಲೆ ತೂಗುವ ಆನೆಯ ಫಲಕ ಬೇರೆ.

ಸ್ವರ್ಗಾಧಿಪತಿಯ ಹೆಸರಿದ್ದರೂ ಒಳಗೆ ಸ್ವರ್ಗ ಇರಲಿಲ್ಲ. ಆಗಸ್ಟ್ 17ರಿಂದ ಕೆಲಸ ಶುರು. ವಾರದ ದಿನಗಳಲ್ಲಿ ರಾತ್ರಿಗೆ ನಾಲ್ಕೂವರೆ ಗಂಟೆ, ಶನಿವಾರ, ಭಾನುವಾರ ಆರು ಗಂಟೆ. ತಲೆಗೆ ದಿನಕ್ಕೆ 30 ಮಾರ್ಕ್, ಅಂದಿನ ಲೆಕ್ಕದಲ್ಲಿ ಎರಡೂವರೆ ಪೌಂಡ್. ಲಿವರ್‌ಪೂಲ್‌ಗೆ ಹೋಲಿಸಿದರೆ ಇದು ಒಳ್ಳೆಯ ದುಡ್ಡೇ. ಆದರೆ ಮಲಗೋಕೆ ಕೊಟ್ಟ ಜಾಗ ನೋಡಿ. ಕೋಶ್ಮಿಡರ್‌ನದೇ 'ಬಾಂಬಿ ಕಿನೋ' ಎಂಬ ಚಿತ್ರಮಂದಿರ, ಅದರ ಪರದೆಯ ಹಿಂದಿನ ಕಿಟಕಿ ಇಲ್ಲದ ಗೂಡುಗಳು. ಪಕ್ಕದಲ್ಲೇ ಶೌಚಾಲಯ. ಮುಖ ತೊಳೆಯೋದೂ ಅಲ್ಲೇ. ಬೆಳಗಿನ ಜಾವ ಬಂದು ಮಲಗಿದರೆ ಮಧ್ಯಾಹ್ನದ ಆಟದ ಸದ್ದಿಗೆ ಎಚ್ಚರ.

ನಾಲ್ಕೂವರೆ ಗಂಟೆ ಅಂದ್ರೆ ಎಷ್ಟು ಅಂತ ಯೋಚನೆ ಮಾಡಿ. ಆ ಕಾಲದ ಒಂದು ಪಾಪ್ ಹಾಡು ಎರಡೂವರೆ ನಿಮಿಷ. ಒಂದು ಗಂಟೆಗೆ ಇಪ್ಪತ್ತು ಹಾಡು ಬೇಕು. ಲಿವರ್‌ಪೂಲ್‌ನಲ್ಲಿ ಇವರು ಒಂದು ಗಂಟೆ ನುಡಿಸಿ ಇಳಿದು ಬರುತ್ತಿದ್ದವರು. ಇಲ್ಲಿ ಗೊತ್ತಿದ್ದ ಹಾಡೆಲ್ಲ ಮೊದಲ ರಾತ್ರಿಯೇ ಖಾಲಿ!

ಜೊತೆಗೆ ಮಾಲೀಕನ ಕೂಗು. ಹುಡುಗರು ಮರದ ಹಾಗೆ ನಿಂತು ನುಡಿಸೋದು ಕಂಡು ಕೋಶ್ಮಿಡರ್ 'ಮಾಖ್ ಶೌ' ಅಂತ ಕಿರುಚುತ್ತಿದ್ದ. 'ಆಟ ತೋರಿಸ್ರೋ' ಅಂತ ಅರ್ಥ. ಅವನ ಲೆಕ್ಕ ಸರಳ. ಬೀದಿಯಲ್ಲಿ ಹೋಗೋನು ಸದ್ದು ಕೇಳಿ ಒಳಗೆ ಬರಬೇಕು, ಬಂದವನು ಎರಡನೇ ಬಿಯರ್ ಹೇಳಬೇಕು. ಅಷ್ಟೇ. ಸಂಗೀತ ಇಲ್ಲಿ ಬಿಯರ್ ಮಾರೋ ಉಪಾಯ. ಲೆನನ್ ನೆಲದಲ್ಲಿ ಬಿದ್ದು ಹೊರಳಾಡಿದ, ಕುಂಟಿದ, ಜನರನ್ನು ಬೈದ, 'ನಾಜಿಗಳೇ' ಅಂತಲೂ ಕೂಗಿದ. ಅರ್ಧ ಜನಕ್ಕೆ ಅರ್ಥವಾಗಲಿಲ್ಲ, ಅರ್ಥವಾದ ಅರ್ಧ ಜನ ನಕ್ಕರು.

48 ರಾತ್ರಿ ಹೀಗೆ ನಡೆಯಿತು. ಆಮೇಲೆ ಅಕ್ಕಪಕ್ಕದವರು ಗದ್ದಲ ತಾಳಲಾರದೆ ದೂರು ಕೊಟ್ಟರು, ಇಂದ್ರದಲ್ಲಿ ಸಂಗೀತ ನಿಂತಿತು. ಈ ಜಗಳ ನಮಗೂ ಹೊಸದಲ್ಲ. ಬೆಂಗಳೂರಿನ ಹೋಟೆಲು, ಪಬ್‌ಗಳಲ್ಲಿ ಲೈವ್ ಬ್ಯಾಂಡ್ ಇರಬೇಕಾದರೆ ಪೊಲೀಸ್ ಪರವಾನಗಿ ಬೇಕು ಅನ್ನೋ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಾಗ, ಗಿಟಾರ್ ಹುಡುಗರ ಎಷ್ಟೋ ಶುಕ್ರವಾರಗಳು ಖಾಲಿಯಾದವು. ಬಾರಿನ ಸಂಗೀತಕ್ಕೆ ಎಲ್ಲ ಊರಲ್ಲೂ ಮೂವರು ಯಜಮಾನರು: ಮಾಲೀಕ, ಪೊಲೀಸು, ನೆರೆಮನೆಯವರು.

ಹಾಡು ಹಿಗ್ಗಿಸುವ ವಿದ್ಯೆ

ಅಕ್ಟೋಬರ್ 4ರಿಂದ ಅದೇ ಬೀದಿಯ ದೊಡ್ಡ ಕ್ಲಬ್ 'ಕೈಸರ್‌ಕೆಲ್ಲರ್'. ಇಲ್ಲಿ ಲಿವರ್‌ಪೂಲ್‌ನ ಇನ್ನೊಂದು ಗುಂಪಿನ ಜೊತೆ ಪಾಳಿ. ಆ ಗುಂಪು ರೋರಿ ಸ್ಟಾರ್ಮ್ ಅಂಡ್ ದ ಹರಿಕೇನ್ಸ್. ಅವರೇ ಆಗ ಸೀನಿಯರು, ಒಳ್ಳೆಯ ಸೂಟು, ಒಳ್ಳೆಯ ಹೆಸರು. ಅವರ ಡ್ರಮ್ಮರ್ ಯಾರು ಗೊತ್ತಾ? ರಿಂಗೋ ಸ್ಟಾರ್. ಎರಡೂ ಗುಂಪಿನವರು ಒಂದು ಪಂದ್ಯ ಕಟ್ಟಿದರು: ಕೊಳೆತ ಹಲಗೆಯ ಆ ವೇದಿಕೆಯನ್ನು ಕುಣಿದು ಮುರಿಯೋರು ಯಾರು? ಗೆದ್ದದ್ದು ರೋರಿ ಸ್ಟಾರ್ಮ್.

ರಾತ್ರಿಯೆಲ್ಲ ಎಚ್ಚರವಿರಲು ಪ್ರೆಲುಡಿನ್ ಎಂಬ ಮಾತ್ರೆ ಬಂತು. ಅದು ತೂಕ ಇಳಿಸಲು ಕೊಡುತ್ತಿದ್ದ ಉತ್ತೇಜಕ. ಬಾರಿನಲ್ಲಿ ಸುಲಭವಾಗಿ ಸಿಗುತ್ತಿತ್ತು. ಪೀಟ್ ಬೆಸ್ಟ್ ಅದನ್ನು ಮುಟ್ಟಲಿಲ್ಲ, ಉಳಿದವರು ಬಿಡಲಿಲ್ಲ. ಈ ಭಾಗವನ್ನು ರಮ್ಯವಾಗಿ ಹೇಳೋದು ಬೇಡ. 17ರಿಂದ 20ರ ವಯಸ್ಸಿನ ಹುಡುಗರು ಮಾತ್ರೆ ನುಂಗಿ ರಾತ್ರಿ ಪಾಳಿ ಮಾಡುತ್ತಿದ್ದರು, ಮಾಲೀಕ ಲಾಭ ಎಣಿಸುತ್ತಿದ್ದ. ಅದು ಇದ್ದದ್ದೇ ಹಾಗೆ.

ಆದರೆ ಈ ರಾತ್ರಿಗಳು ಕಲಿಸಿದ್ದೇನು? ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ನಮ್ಮ ಪ್ರಶ್ನೆ ಇರೋದೇ ಇಲ್ಲಿ.

ಒಂದು, ಹಿಗ್ಗಿಸೋದು. ಹಾಡು ಸಾಲದಾದಾಗ ಇರುವ ಹಾಡನ್ನೇ ಎಳೆಯಬೇಕು. ರೇ ಚಾರ್ಲ್ಸ್‌ನ 'ವಾಟ್ ಐ ಸೇ' ಹಾಡು ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಗಾಯಕ ಒಂದು ಕೂಗು ಹಾಕಿದರೆ ಜನ ತಿರುಗಿ ಕೂಗಬೇಕು, ಎಷ್ಟು ಹೊತ್ತಾದರೂ ಎಳೆಯಬಹುದು. ನಮ್ಮ ಯಕ್ಷಗಾನದಲ್ಲಿ ಭಾಗವತರು ಪ್ರಸಂಗವನ್ನು ಬೆಳಗಿನವರೆಗೆ ಬೆಳೆಸುವ ಹಾಗೆ. ಎಳೆಯುವಾಗ ಏನಾಗುತ್ತೆ? ಹಾಡಿನ ಅಸ್ಥಿಪಂಜರ ಕಾಣಿಸುತ್ತೆ. ಎಲ್ಲಿ ಏರಿಸಬೇಕು, ಎಲ್ಲಿ ತಗ್ಗಿಸಬೇಕು, ಎಲ್ಲಿ ಸುಮ್ಮನಾದರೆ ಜನ ತಿರುಗಿ ನೋಡ್ತಾರೆ ಅಂತ ಕೈಗೆ ಗೊತ್ತಾಗುತ್ತೆ.

ಎರಡು, ಕದಿಯುವ ಕಿವಿ. ಆಗ ನೊಟೇಶನ್ ನೋಡಿ ಕಲಿಯುವ ಅಭ್ಯಾಸ ಇವರಿಗಿರಲಿಲ್ಲ. ರೆಕಾರ್ಡ್ ಕೇಳಿ ಕೇಳಿ ಸ್ವರ ಹಿಡಿಯಬೇಕು, ಸಾಹಿತ್ಯ ತಿಳಿಯದ ಕಡೆ ಅಂದಾಜು ಮಾಡಬೇಕು. ಚಕ್ ಬೆರ್ರಿ, ಲಿಟಲ್ ರಿಚರ್ಡ್, ಶಿರೆಲ್ಸ್ ಎಂಬ ಹುಡುಗಿಯರ ಗುಂಪು, ಹಳೆಯ ನಾಟಕದ ಹಾಡು, ಸಿನಿಮಾ ಹಾಡು, ಎಲ್ಲವೂ ಬೇಕು. ಹೆಣ್ಣುಮಕ್ಕಳು ಹಾಡಿದ್ದ 'ಬಾಯ್ಸ್' ಎಂಬ ಹಾಡನ್ನು, 'ಹುಡುಗರು ಎಂಥ ಚೆಂದ' ಅನ್ನೋ ಅರ್ಥದ ಹಾಡನ್ನು, ಈ ಗಂಡುಹುಡುಗರು ಯಾವ ಮುಜುಗರವೂ ಇಲ್ಲದೆ ಹಾಡಿದರು. ಅದರ ತಾಳ ಚೆನ್ನಾಗಿತ್ತು, ಬಾರು ಕುಣಿಯುತ್ತಿತ್ತು, ಸಾಕು.

ಮೂರು, ಮತ್ತು ಇದೇ ಮುಖ್ಯ: ಸ್ವಂತ ಹಾಡಿನ ಅಗತ್ಯ. ಲಿವರ್‌ಪೂಲ್‌ನ ಎಲ್ಲ ಗುಂಪುಗಳೂ ಅದೇ ಅಮೆರಿಕನ್ ಹಾಡುಗಳನ್ನೇ ಹಾಡುತ್ತಿದ್ದವು. ಒಂದೇ ಸಂಜೆ ನಾಲ್ಕು ಗುಂಪು ಇದ್ದರೆ, ನಿಮ್ಮ ಸರದಿ ಬರೋ ಹೊತ್ತಿಗೆ ನಿಮ್ಮ ಹಾಡನ್ನು ಮುಂದಿನವನು ಹಾಡಿ ಮುಗಿಸಿರುತ್ತಾನೆ. ಇದರಿಂದ ತಪ್ಪಿಸಿಕೊಳ್ಳಲು ಬೀಟಲ್ಸ್ ಮೊದಲು ಮಾಡಿದ್ದು ರೆಕಾರ್ಡಿನ ಹಿಂಬದಿಯ ಹಾಡು ಹುಡುಕೋದು. 'ಬಾಯ್ಸ್' ಕೂಡ ಅಂಥ ಹಿಂಬದಿಯ ಹಾಡೇ. ಬೇರೆಯವರೂ ಹಿಂಬದಿ ತಿರುಗಿಸಲು ಶುರುಮಾಡಿದಾಗ ಉಳಿದದ್ದು ಒಂದೇ ದಾರಿ, ತಾವೇ ಬರೆಯೋದು. ಯಾರೂ ಮೊದಲೇ ಹಾಡಲಾರದ ಹಾಡು ಅದೊಂದೇ. ಮೆಕಾರ್ಟ್ನಿ ನಂತರದ ಸಂದರ್ಶನಗಳಲ್ಲಿ ಈ ಕಾರಣವನ್ನು ಮತ್ತೆ ಮತ್ತೆ ಹೇಳಿದ್ದಾರೆ. ನೋಡಿ, ಮಹಾನ್ ಸೃಜನಶೀಲತೆ ಅಂತ ನಾವು ಕರೆಯೋದರ ಒಂದು ಬೇರು ಇಷ್ಟು ಸಾದಾ: ಪಕ್ಕದ ಆರ್ಕೆಸ್ಟ್ರಾದವನು ನನ್ನ ಹಾಡು ಕದ್ದುಬಿಟ್ಟ ಅನ್ನೋ ಕಿರಿಕಿರಿ.

ಗಡೀಪಾರು

ನವೆಂಬರ್‌ನಲ್ಲಿ ಎಲ್ಲ ಕೆಟ್ಟಿತು. ರೀಪರ್‌ಬಾನ್‌ನಲ್ಲಿ 'ಟಾಪ್ ಟೆನ್' ಎಂಬ ಹೊಸ ಕ್ಲಬ್ ಬಂದಿತ್ತು. ಅಲ್ಲಿ ಕೂಲಿ ಹೆಚ್ಚು, ವಸತಿ ಒಳ್ಳೆಯದು. ಹುಡುಗರು ಅಲ್ಲಿ ಓಡಾಡುವುದು ಕೋಶ್ಮಿಡರ್‌ಗೆ ಗೊತ್ತಾಯಿತು. ಅದರ ಹಿಂದೆಯೇ ಜಾರ್ಜ್‌ಗೆ ಇನ್ನೂ 17 ಎಂಬುದು ಪೊಲೀಸರಿಗೂ ತಿಳಿಯಿತು. ಹದಿನೆಂಟು ತುಂಬದವರು ರಾತ್ರಿ ಹತ್ತರ ನಂತರ ಆ ಕ್ಲಬ್ಬುಗಳಲ್ಲಿ ಇರುವಂತಿಲ್ಲ. ದಿನವೂ ಹತ್ತಕ್ಕೆ ವೇದಿಕೆಯಿಂದಲೇ ಆ ಘೋಷಣೆ ಆಗುತ್ತಿತ್ತು, ಜಾರ್ಜ್ ಅದನ್ನು ಕೇಳುತ್ತಾ ಅಲ್ಲೇ ನಿಂತಿರುತ್ತಿದ್ದ! ನವೆಂಬರ್ 21ರಂದು ಅವನನ್ನು ದೇಶದಿಂದ ಹೊರಗೆ ಕಳಿಸಿದರು. ಕೆಲವು ದಿನಗಳ ನಂತರ ಪಾಲ್ ಮತ್ತು ಪೀಟ್ ಬಾಂಬಿ ಕಿನೋದಿಂದ ಸಾಮಾನು ತರಲು ಹೋದಾಗ ಬೆಳಕಿಗೆಂದು ಗೋಡೆಯ ಹತ್ತಿರ ಏನನ್ನೋ ಹೊತ್ತಿಸಿದರು. ಬೆಂಕಿ ಹಾಕಿದರು ಎಂದು ಕೋಶ್ಮಿಡರ್ ದೂರು ಕೊಟ್ಟ. ಅವರಿಬ್ಬರನ್ನೂ ಹಿಡಿದು ವಿಮಾನ ಹತ್ತಿಸಿದರು. ಲೆನನ್ ಡಿಸೆಂಬರ್‌ನಲ್ಲಿ ಒಬ್ಬನೇ ರೈಲಿನಲ್ಲಿ ಊರಿಗೆ ಬಂದ.

ಹೊರಗಿನಿಂದ ನೋಡಿದವರಿಗೆ ಇದು ಸೋಲು. ಆದರೆ ಡಿಸೆಂಬರ್ 27ರ ರಾತ್ರಿ ಲಿವರ್‌ಪೂಲ್‌ನ ಲಿದರ್‌ಲ್ಯಾಂಡ್ ಟೌನ್‌ಹಾಲ್‌ನಲ್ಲಿ ಅವರಿಗೆ ಒಂದು ಕಾರ್ಯಕ್ರಮ ಸಿಕ್ಕಿತು. 'ಹ್ಯಾಂಬರ್ಗ್‌ನಿಂದ ನೇರವಾಗಿ' ಎಂಬ ಜಾಹೀರಾತು ನೋಡಿ ಇವರು ಜರ್ಮನ್ನರಿರಬೇಕು ಅಂತ ಜನ ಅಂದುಕೊಂಡಿದ್ದರು. ಪರದೆ ಸರಿಯಿತು, ಮೊದಲ ಹಾಡಿಗೇ ಜನ ವೇದಿಕೆಯತ್ತ ನುಗ್ಗಿದರು. ಆಗಸ್ಟ್‌ನಲ್ಲಿ 'ಇವರು ಬೇಡ' ಅನ್ನಿಸಿಕೊಂಡಿದ್ದ ಗುಂಪು ನಾಲ್ಕು ತಿಂಗಳಲ್ಲಿ ಊರಿನ ಅತಿ ಜೋರಾದ ಗುಂಪಾಗಿ ಬಂದಿತ್ತು. ಕುಡುಕರನ್ನು ಕೂರಿಸುವುದು ಕಲಿತವರಿಗೆ ಕುಡಿಯದ ಹುಡುಗ ಹುಡುಗಿಯರನ್ನು ಎಬ್ಬಿಸುವುದು ಏನು ಕಷ್ಟ?

ಗೆಳೆಯರು, ಒಂದು ಸಾವು

1961ರ ಏಪ್ರಿಲ್‌ನಲ್ಲಿ ಮತ್ತೆ ಹ್ಯಾಂಬರ್ಗ್. ಈ ಸಲ ಟಾಪ್ ಟೆನ್ ಕ್ಲಬ್ಬು, 35 ಮಾರ್ಕ್ ಕೂಲಿ, 92 ರಾತ್ರಿ. ಜಾರ್ಜ್‌ಗೆ ಹದಿನೆಂಟು ತುಂಬಿತ್ತು.

ಅಷ್ಟರಲ್ಲಿ ಅವರಿಗೆ ಬೇರೆ ರೀತಿಯ ಕೇಳುಗರು ಸಿಕ್ಕಿದ್ದರು. ಕ್ಲಾಸ್ ಫೋರ್ಮನ್ ಎಂಬ ಚಿತ್ರಕಲೆಯ ಯುವಕ ಕೈಸರ್‌ಕೆಲ್ಲರ್‌ನಲ್ಲಿ ಅವರನ್ನು ಕೇಳಿ ಬೆರಗಾಗಿ ಗೆಳತಿ ಅಸ್ಟ್ರಿಡ್ ಕಿರ್ಷೆರ್‌ಳನ್ನು ಕರೆತಂದಿದ್ದ. ಇವತ್ತು ನಾವು ನೋಡುವ ಆ ದಿನಗಳ ಒಳ್ಳೆಯ ಕಪ್ಪು ಬಿಳುಪು ಫೋಟೋಗಳು ಅಸ್ಟ್ರಿಡ್ ತೆಗೆದವು. ಬಾರಿನ ಕೂಲಿಗಳೆಂದು ಎಲ್ಲರೂ ನೋಡುತ್ತಿದ್ದವರನ್ನು ಮೊದಲ ಬಾರಿಗೆ ಕಲಾವಿದರೆಂದು ನೋಡಿದ ಕಣ್ಣು ಅವಳದು. ಸ್ಟುವರ್ಟ್ ಅವಳನ್ನು ಪ್ರೀತಿಸಿದ, ಬ್ಯಾಂಡ್ ಬಿಟ್ಟ, ಹ್ಯಾಂಬರ್ಗ್‌ನ ಕಲಾಶಾಲೆ ಸೇರಿದ. ಅವನು ಬಿಟ್ಟ ಬಾಸ್ ಯಾರಿಗೂ ಬೇಕಿರಲಿಲ್ಲ, ಪಾಲ್ ತಲೆಗೆ ಬಿತ್ತು. ಅವನು ಹ್ಯಾಂಬರ್ಗ್‌ನ ಅಂಗಡಿಯಲ್ಲಿ ಪಿಟೀಲಿನ ಆಕಾರದ ಅಗ್ಗದ ಹಾಫ್ನರ್ ಬಾಸ್ ಕೊಂಡ. ಎರಡೂ ಕಡೆ ಒಂದೇ ಥರ ಇರೋದರಿಂದ ಎಡಗೈಯವನಾದ ತನಗೆ ತಿರುಗಿಸಿ ಹಿಡಿದರೂ ಚೆನ್ನಾಗಿ ಕಾಣುತ್ತೆ ಅನ್ನೋದು ಒಂದು ಕಾರಣ. ಮುಂದೆ ಜಗತ್ತೇ ಗುರುತಿಸಿದ ವಾದ್ಯ ಅದು.

ಅದೇ ವರ್ಷ ಜೂನ್‌ನಲ್ಲಿ ಟೋನಿ ಶೆರಿಡನ್ ಎಂಬ ಇಂಗ್ಲಿಷ್ ಗಾಯಕನ ಹಿಂದೆ ನುಡಿಸುವ ಅವಕಾಶ ಬಂತು. ಹಾಡು 'ಮೈ ಬಾನಿ', ಹಳೆಯ ಸ್ಕಾಟಿಷ್ ಜನಪದ ಗೀತೆ. ಜರ್ಮನಿಯಲ್ಲಿ ಬಂದ ರೆಕಾರ್ಡಿನ ಮೇಲೆ ಅವರ ಹೆಸರನ್ನೂ ಸರಿಯಾಗಿ ಹಾಕಲಿಲ್ಲ, 'ಬೀಟ್ ಬ್ರದರ್ಸ್' ಅಂತ ಹಾಕಿದರು.

1962ರ ಏಪ್ರಿಲ್ 13ರಂದು ಗ್ರೋಸೆ ಫ್ರೈಹೈಟ್‌ನಲ್ಲಿ 'ಸ್ಟಾರ್ ಕ್ಲಬ್' ಶುರುವಾಯಿತು. ಉದ್ಘಾಟನೆಗೆ ಬೀಟಲ್ಸ್ ಬಂದಿಳಿದಾಗ ಅಸ್ಟ್ರಿಡ್ ತಂದ ಸುದ್ದಿ: ಏಪ್ರಿಲ್ 10ರಂದು ಸ್ಟುವರ್ಟ್ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡ. ವಯಸ್ಸು 21. ಆದರೂ 13ರ ರಾತ್ರಿ ಅವರು ವೇದಿಕೆ ಹತ್ತಿದರು. ಬಾರಿನ ವೇದಿಕೆಗೆ ಸೂತಕ ಇಲ್ಲ.

ಅದೇ ನವೆಂಬರ್‌ನಲ್ಲಿ ಒಂದು ವಿಚಿತ್ರ ನಡೆಯಿತು. ಸ್ಟಾರ್ ಕ್ಲಬ್‌ಗೆ ಅಮೆರಿಕದಿಂದ ಲಿಟಲ್ ರಿಚರ್ಡ್ ಬಂದರು. ಯಾರ ಹಾಡುಗಳನ್ನು ಪಾಲ್ ವರ್ಷಗಟ್ಟಲೆ ಗಂಟಲು ಹರಿಯುವಂತೆ ಹಾಡಿದ್ದನೋ ಅವರೇ ಈಗ ಅದೇ ವೇದಿಕೆಯಲ್ಲಿ. ಆರ್ಕೆಸ್ಟ್ರಾದಲ್ಲಿ ಎಸ್‌ಪಿಬಿ ಹಾಡು ಹಾಡುವ ಹುಡುಗನ ಪಕ್ಕ ಎಸ್‌ಪಿಬಿಯೇ ಬಂದು ನಿಂತ ಹಾಗೆ. ಅವರ ಜೊತೆ ಆರ್ಗನ್ ನುಡಿಸುತ್ತಿದ್ದ 16ರ ಹುಡುಗ ಬಿಲ್ಲಿ ಪ್ರೆಸ್ಟನ್. ಏಳು ವರ್ಷದ ನಂತರ, 1969ರಲ್ಲಿ, ಬೀಟಲ್ಸ್ ಒಳಜಗಳದಲ್ಲಿ ಮುರಿಯುತ್ತಿದ್ದಾಗ 'ಗೆಟ್ ಬ್ಯಾಕ್' ಹಾಡಿಗೆ ಕೀಬೋರ್ಡ್ ನುಡಿಸಿ ಸ್ಟುಡಿಯೋಗೆ ಉಸಿರು ತಂದವನು ಇವನೇ.

ಈ ಮಾತನ್ನು ಇನ್ನೊಂದು ಕಾರಣಕ್ಕೂ ಹೇಳಬೇಕು. ಬೀಟಲ್ಸ್ ಬಾರಿನಲ್ಲಿ ಹಾಡಿದ ಹಾಡುಗಳಲ್ಲಿ ದೊಡ್ಡ ಪಾಲು ಅಮೆರಿಕದ ಕರಿಯ ಗಾಯಕರದು. ಆ ಗಾಯಕರಿಗೆ ತಮ್ಮ ದೇಶದಲ್ಲೇ ಎಷ್ಟೋ ಹೋಟೆಲುಗಳಿಗೆ ಮುಂಬಾಗಿಲಿನಿಂದ ಪ್ರವೇಶ ಇರಲಿಲ್ಲ. ಕವರ್ ಬ್ಯಾಂಡ್ ಅಂದ್ರೆ ಬರೀ ಕಲಿಕೆ ಅಲ್ಲ, ಅದು ಸಾಲ. ಬೀಟಲ್ಸ್ ಆ ಸಾಲವನ್ನು ಹೆಸರು ಹಿಡಿದು ಒಪ್ಪಿಕೊಂಡರು ಅನ್ನೋದು ಅವರ ಪರವಾಗಿ ಹೇಳಬಹುದಾದ ಮಾತು.

ಕುಡುಕರ ಟೇಪು ಮತ್ತು ಒಂದು ದಿನದ ಆಲ್ಬಂ

1962ರ ಆಗಸ್ಟ್‌ನಲ್ಲಿ ಪೀಟ್ ಬೆಸ್ಟ್‌ನನ್ನು ಕೈಬಿಟ್ಟು ರಿಂಗೋನನ್ನು ಸೇರಿಸಿಕೊಂಡರು. ಆ ಎಲ್ಲ ರಾತ್ರಿಗಳ ಕಷ್ಟ ಉಂಡ ಪೀಟ್ ಊಟದ ಹೊತ್ತಿಗೆ ಪಂಕ್ತಿಯಲ್ಲಿ ಇರಲಿಲ್ಲ. ಅಕ್ಟೋಬರ್ 5ರಂದು ಮೊದಲ ಸಿಂಗಲ್ 'ಲವ್ ಮಿ ಡೂ' ಬಂತು, ಅದು ಅವರದೇ ಹಾಡು. ಆದರೂ ಒಪ್ಪಂದ ಇತ್ತಲ್ಲ, ಡಿಸೆಂಬರ್ 18ರಿಂದ 31ರವರೆಗೆ ಕೊನೆಯ ಬಾರಿ ಸ್ಟಾರ್ ಕ್ಲಬ್‌ಗೆ ಹೋದರು. ಮನಸ್ಸಿಲ್ಲದೆ ಹೋದರು.

ಆ ದಿನಗಳಲ್ಲಿ ಲಿವರ್‌ಪೂಲ್‌ನ ಇನ್ನೊಂದು ಗುಂಪಿನ ಗಾಯಕ ಟೆಡ್ 'ಕಿಂಗ್‌ಸೈಜ್' ಟೇಲರ್‌ಗಾಗಿ ಮನೆಯಲ್ಲಿ ಬಳಸುವಂಥ ಟೇಪ್ ರೆಕಾರ್ಡರ್‌ನಲ್ಲಿ ಅವರ ಹಾಡು ಹಿಡಿದಿಡಲಾಯಿತು. ಅದು 1977ರಲ್ಲಿ ಆಲ್ಬಂ ಆಗಿ ಬಂತು. ಬೀಟಲ್ಸ್ ಕೋರ್ಟಿಗೆ ಹೋದರು, ಆಗ ತಡೆಯಲಾಗಲಿಲ್ಲ. 1998ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ಗೆದ್ದರು. ಜಾರ್ಜ್ ಹ್ಯಾರಿಸನ್ ತಾವೇ ಬಂದು ಸಾಕ್ಷಿ ಹೇಳಿದರು. ಒಬ್ಬ ಕುಡುಕ ಇನ್ನೊಂದಿಷ್ಟು ಕುಡುಕರನ್ನು ಟೇಪ್ ಮಾಡಿದ ಮಾತ್ರಕ್ಕೆ ಅದು ಒಪ್ಪಂದ ಆಗೋದಿಲ್ಲ ಅನ್ನೋದು ಅವರ ಮಾತಿನ ಸಾರ.

ಆದರೆ ಇತಿಹಾಸಕಾರರಿಗೆ ಆ ಟೇಪು ಚಿನ್ನ. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಬೇರೆ ಬೇರೆ ಹಾಡುಗಳಿವೆ, ಅವರ ಸ್ವಂತದ್ದು ಎರಡೇ ಎರಡು. ಅಂದ್ರೆ ಜಗತ್ತೇ ಹುಚ್ಚಾಗಲು ಇನ್ನೊಂದೇ ವರ್ಷ ಇದ್ದಾಗಲೂ ಬಾರಿನಲ್ಲಿ ಅವರು ಕವರ್ ಬ್ಯಾಂಡೇ.

ಕೊನೆಯ ರಾತ್ರಿಯಿಂದ ಸರಿಯಾಗಿ ಆರು ವಾರ. 1963ರ ಫೆಬ್ರವರಿ 11ರಂದು ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ಒಂದೇ ದಿನ ಹತ್ತು ಹಾಡು ರೆಕಾರ್ಡ್ ಆದವು. ನಿರ್ಮಾಪಕ ಜಾರ್ಜ್ ಮಾರ್ಟಿನ್‌ಗೆ ಬೇಕಿದ್ದದ್ದು ಅವರ ವೇದಿಕೆಯ ಹುರುಪು. ಲೆನನ್‌ಗೆ ಶೀತ, ಗಂಟಲು ಕಟ್ಟಿತ್ತು. ಗಂಟಲು ಹರಿಯುವ ಹಾಡು 'ಟ್ವಿಸ್ಟ್ ಅಂಡ್ ಶೌಟ್' ಅನ್ನು ಕೊನೆಗೆ ಇಟ್ಟುಕೊಂಡರು. ಮೊದಲ ಪ್ರಯತ್ನದಲ್ಲೇ ಮುಗಿಯಿತು, ಎರಡನೆಯದಕ್ಕೆ ದನಿ ಉಳಿದಿರಲಿಲ್ಲ. ಇವತ್ತಿಗೂ ಆ ರೆಕಾರ್ಡಿನಲ್ಲಿ ಕೇಳಿಸೋದು ರಾತ್ರಿ ಎರಡು ಗಂಟೆಯ ಬಾರಿನ ಗಂಟಲು. ಆ ಆಲ್ಬಂನ 14 ಹಾಡುಗಳಲ್ಲಿ 8 ಸ್ವಂತದ್ದು, 6 ಪರರದು. 'ಬಾಯ್ಸ್' ಕೂಡ ಅದರಲ್ಲಿದೆ.

ಹತ್ತು ಸಾವಿರ ಗಂಟೆಯ ಲೆಕ್ಕ ಸರಿಯೇ?

2008ರಲ್ಲಿ ಮಾಲ್ಕಂ ಗ್ಲ್ಯಾಡ್‌ವೆಲ್ ತಮ್ಮ 'ಔಟ್‌ಲೈಯರ್ಸ್' ಪುಸ್ತಕದಲ್ಲಿ ಹ್ಯಾಂಬರ್ಗ್ ಕಥೆಯನ್ನು ಪ್ರಸಿದ್ಧಗೊಳಿಸಿದರು. ಯಾವುದೇ ವಿದ್ಯೆ ಸಿದ್ಧಿಸಲು ಹತ್ತು ಸಾವಿರ ಗಂಟೆ ಬೇಕು, ಬೀಟಲ್ಸ್‌ಗೆ ಆ ಅವಕಾಶ ಹ್ಯಾಂಬರ್ಗ್ ಕೊಟ್ಟಿತು ಎಂಬುದು ವಾದ. ಕೇಳೋಕೆ ಚೆನ್ನಾಗಿದೆ. ಲೆಕ್ಕ ಹಾಕಿ ನೋಡಿ. ಐದು ಬಾರಿ ಹೋದದ್ದೂ ಸೇರಿ 270ಕ್ಕೂ ಹೆಚ್ಚು ರಾತ್ರಿ. ರಾತ್ರಿಗೆ ನಾಲ್ಕೈದು ಗಂಟೆ ಅಂದ್ರೆ ಸಾವಿರದ ಚಿಲ್ಲರೆ. ಹತ್ತು ಸಾವಿರದ ಹತ್ತಿರಕ್ಕೂ ಬರೋದಿಲ್ಲ.

ಅದಕ್ಕಿಂತ ದೊಡ್ಡ ಆಕ್ಷೇಪ ಇನ್ನೊಂದಿದೆ. ಅದೇ ಬೀದಿ, ಅದೇ ವೇದಿಕೆ, ಅದೇ ಬಿಯರ್ ಕುಡಿದ ಬೇರೆ ಗುಂಪುಗಳೂ ಇದ್ದವಲ್ಲ? ರೋರಿ ಸ್ಟಾರ್ಮ್ ಗುಂಪು ಬೀಟಲ್ಸ್‌ಗಿಂತ ಮುಂದಿತ್ತು. ಆದರೆ ಅವರ ಒಂದು ಹಾಡೂ ದೇಶದ ಮಟ್ಟದಲ್ಲಿ ಗೆಲ್ಲಲಿಲ್ಲ, ರೋರಿ 1972ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಟೋನಿ ಶೆರಿಡನ್ ಇವರಿಗೆಲ್ಲ ಗುರುವಿನಂತಿದ್ದ, ಆದರೂ 'ಮೈ ಬಾನಿ' ಹಾಡಿದವನು ಎಂಬಷ್ಟಕ್ಕೇ ಹೆಸರಾದ. ಗಂಟೆಗಳೇ ಎಲ್ಲವನ್ನೂ ಮಾಡೋದಾಗಿದ್ದರೆ ಇವರೆಲ್ಲರೂ ಬೀಟಲ್ಸ್ ಆಗಬೇಕಿತ್ತು.

ಹಾಗಾದ್ರೆ ಬಾರು ಏನನ್ನು ಕೊಟ್ಟಿತು? ಎದುರಿಗೆ ಕೂತವನ ಮುಖ ಓದುವ ಕಣ್ಣು ಕೊಟ್ಟಿತು, ಸುಸ್ತಾದಾಗಲೂ ತಾಳ ಬಿಡದ ಕೈ ಕೊಟ್ಟಿತು, ನೂರಾರು ಹಾಡುಗಳ ಉಗ್ರಾಣ ಕೊಟ್ಟಿತು. ಇಷ್ಟನ್ನು ಎಲ್ಲರಿಗೂ ಕೊಟ್ಟಿತು. ಕೊಡಲಾಗದ್ದು ಒಂದೇ: ಪರರ ಹಾಡು ಹಾಡುತ್ತಲೇ 'ಇದು ನಮಗೆ ಸಾಲದು' ಅನ್ನಿಸುವ ಹಸಿವು. ಆ ಹಸಿವು ಇದ್ದವರು ಉಗ್ರಾಣದಿಂದ ಅಡುಗೆ ಮಾಡಿದರು. ಇಲ್ಲದವರು ಉಗ್ರಾಣ ಕಾಯ್ದರು.

ಉಗ್ರಾಣ ಕಾಯ್ದವರ ಬದುಕು ವ್ಯರ್ಥ ಅಂತ ಇದರ ಅರ್ಥವಲ್ಲ. ಬಹುಪಾಲು ಹುಡುಗರು ಊರಿಗೆ ಮರಳಿ ಮದುವೆಯಾಗಿ, ಕೆಲಸ ಹಿಡಿದು, ವಾರಕ್ಕೊಮ್ಮೆ ಪಕ್ಕದ ಪಬ್‌ನಲ್ಲಿ ಅದೇ ಹಳೆಯ ಹಾಡು ನುಡಿಸಿದರು. ಅವರ ಎದುರು ಕೂತವರ ಒಂದು ಸಂಜೆ ಹಗುರಾಯಿತು. ಅದೂ ಒಂದು ಕೆಲಸವೇ, ಚಿಕ್ಕ ಕೆಲಸವೂ ಅಲ್ಲ. ಇತಿಹಾಸ ಗೆದ್ದ ನಾಲ್ವರ ಹೆಸರು ಬರೆದುಕೊಂಡಿತು, ಆದರೆ ಆ ಬೀದಿಯ ಸದ್ದು ಆ ನಾಲ್ವರಿಂದಲೇ ಹುಟ್ಟಿದ್ದಲ್ಲ.

ಸ್ಟಾರ್ ಕ್ಲಬ್ 1969ರ ಕೊನೆಯ ದಿನ ಮುಚ್ಚಿತು. ಗ್ರೋಸೆ ಫ್ರೈಹೈಟ್ ಮತ್ತು ರೀಪರ್‌ಬಾನ್ ಸೇರುವ ಮೂಲೆಯಲ್ಲಿ 2008ರಿಂದ ಒಂದು ಪುಟ್ಟ ಚೌಕ ಇದೆ. ನೆಲವನ್ನು ಗ್ರಾಮಫೋನ್ ರೆಕಾರ್ಡಿನ ಹಾಗೆ ದುಂಡಗೆ, ಕಪ್ಪಗೆ ಮಾಡಿದ್ದಾರೆ, ಅದರ ಮೇಲೆ ಲೋಹದಲ್ಲಿ ಕತ್ತರಿಸಿದ ಆಳುಗಳು ನಿಂತಿವೆ. ಸ್ಟುವರ್ಟ್ ಅಲ್ಲಿ ಸ್ವಲ್ಪ ದೂರ, ಒಬ್ಬನೇ. ಆ ಆಕೃತಿಗಳಿಗೆ ಮುಖವಿಲ್ಲ, ಬರೀ ಅಂಚಿನ ಗೆರೆ. ಯಾರು ಬೇಕಾದರೂ ಒಳಗೆ ನಿಂತು ಫೋಟೋ ತೆಗೆಸಿಕೊಳ್ಳಬಹುದು.

ಇವತ್ತಿನ ಕಂತು ಇಲ್ಲಿಗೆ ಮುಗಿಯಿತು. ನಿಮ್ಮೂರಿನ ಆರ್ಕೆಸ್ಟ್ರಾದಲ್ಲಿ, ಪಬ್‌ನಲ್ಲಿ ಹಾಡುವವರು ನಿಮಗೆ ಪರಿಚಯ ಇದ್ದರೆ ಈ ಕಂತನ್ನು ಅವರಿಗೂ ಕಳಿಸಿ.